ಹುಳಿ ಮುಪ್ಪಾಗಿರಲಿಲ್ಲ, ಬೊಡ್ಡಿ ಮುಪ್ಪಾಗಿತ್ತು



ಹನ್ನೆರಡು ದಿನದಿಂದ ನಮ್ಮ ಮನಿ ಮುಂದ ಹಾದು ಹೋಗೋ ಮಂದಿ ಒಂದ ಮಾತು ಕೇಳಾಕತ್ತಾರ. “ಹಿತ್ತಲದಾಗಿನ ಹುಣಸಿ ಗಿಡ ಎಲ್ಲಿ ಹೋತ್ರೀ? ಅಷ್ಟ ಹಣ್ಣ ಹಿಡೀತಿತ್ತು, ಯಾಕ ಕಡಸಿದ್ರಿ?” ಒಬ್ಬೊಬ್ಬರಿಗೆ ನಿಂತು ಹೇಳಿ ಸಾಕಾಗೇತಿ. ಅದಕ್ಕ ಇವತ್ತ ಪೂರಾ ಬರದಬಿಡತೀನಿ. ಭರಣಿ ಮಳಿ ಸುರು ಆಗೇತಿ, ಸಂಜಿ ಆತಂದ್ರ ಗಾಳಿ ಏಳಾಕತ್ತೈತಿ. ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗ ಕಡೆ ಮನಿಗೆ ಹತ್ತಿ ಒಂದು ದೊಡ್ಡ ಗಿಡ ಇಲ್ಲದ ಹಿತ್ತಲ ಕಡಿಮಿ. ನಾ ಮಾಡಿದ ತಪ್ಪನ್ನೂ ಬರೀತೀನಿ, ಸರಿ ಮಾಡಿದ್ದನ್ನೂ ಬರೀತೀನಿ. ಓದಿದ ಮ್ಯಾಲೆ ನಿಮ್ಮ ಗಿಡದ ಬುಡಕ್ಕ ಒಮ್ಮೆ ಹೋಗಿ ಬರ್ರಿ.

ಆ ಗಿಡ ನಮ್ಮ ಆಯಿ ಹಚ್ಚಿದ್ದು. ಬೊಡ್ಡಿ ಸುತ್ತಳತಿ 11 ಫೂಟ, ಎತ್ತರ 48 ಫೂಟ. ಅಪ್ಪ ತೀರಿಕೊಂಡಾಗ ನಾ ಪಿಯುಸಿ ಇದ್ದೆ. ಆ ವರ್ಷ ಅವ್ವ ಹಣ್ಣ ಬಡಿಸಿ, ತಾನ ಕುಂತು ಸಿಪ್ಪಿ ತಗದು, ಹುಣಸಿಪಕ್ಕ ಬಿಡಿಸಿ, ಬೈಲಹೊಂಗಲ ಪ್ಯಾಟಿಗೆ ಒಯ್ದು ಮಾರಿ ನನ್ನ ಫೀ ತುಂಬಿದಳು. ಅವತ್ತಿನಿಂದ ಆ ಗಿಡದ ರೊಕ್ಕ ಅವ್ವಂದು. ಹೊಲದ ರೊಕ್ಕದ ಲೆಕ್ಕ ನಮ್ಮ ಕೈಯಾಗ, ಹುಣಸಿ ರೊಕ್ಕದ ಲೆಕ್ಕ ಆಕಿ ಸೀರಿ ಸೆರಗಿನ ಗಂಟಿನಾಗ. ಹೆಣ್ಣಮಕ್ಕಳು ತವರಿಗೆ ಬಂದ್ರ ಅವರಿಗೆ ಕುಬಸಾ ಅದರಾಗ, ಯಲ್ಲಮ್ಮನ ಗುಡ್ಡಕ್ಕ ಹೋಗೋ ಖರ್ಚು ಅದರಾಗ, ಮೊಮ್ಮಕ್ಕಳಿಗೆ ಚಿಗಳಿ ಕುಟ್ಟೂದೂ ಅದರಾಗ. ಇಂಥಾ ಗಿಡಕ್ಕ ಕೊಡ್ಲಿ ಹಚ್ಚೂದು ಅಂದ್ರ ಬರೇ ಕಟಗಿ ಕಡಿಯೂದಲ್ಲ.

ಈಗ ನನ್ನ ಮೊದಲನೇ ತಪ್ಪು. 2019ರ ಆಗಸ್ಟ್ ಮಳಿ ಯಾರೂ ಮರತಿಲ್ಲ. ಮಲಪ್ರಭಾ ದಂಡಿಗೆ ಮುನವಳ್ಳಿ, ರಾಮದುರ್ಗ ಕಡೆ ನೀರ ಹೊಕ್ಕ ವರ್ಷ ಅದು. ನಮ್ಮದು ಹೊಳಿ ದಂಡಿ ಅಲ್ಲ, ಆದರ ವಾರಗಟ್ಲೆ ಹಿಡದ ಮಳಿಗೆ ನಮ್ಮ ಮಣ್ಣಿನ ಹಿಂದಿನ ಗ್ವಾಡಿ ಕುಸೀತು. ಮರುವರ್ಷ ಅದನ್ನ ಕಲ್ಲಿನಾಗ ಕಟ್ಟಸಬೇಕಂತ ಪಾಯಾ ತಗಸಿದೆ. ಒಂದು ಖೋಲಿ ದೊಡ್ಡದು ಆಗಲಿ ಅಂತ ಗ್ವಾಡಿ ನಾಕು ಫೂಟ ಹಿಂದ ಸರಿಸಿದೆ. ಪಾಯಾಕ್ಕೂ ಗಿಡಕ್ಕೂ ನಡುವ ಉಳದದ್ದು ಬರೇ 5 ಫೂಟ. ತೋಡುವಾಗ ತೊಡಿ ದಪ್ಪನ ಎರಡು ಬೇರ ಅಡ್ಡ ಬಂದವು. ಗೌಂಡಿ, “ಏನ ಮಾಡೂನ್ರಿ?” ಅಂತ ಕೇಳಿದ. “ಕಡದ ಒಗೀರಿ, ಗಿಡಕ್ಕ ಎಷ್ಟೋ ಬೇರ ಅದಾವು” ಅಂದೆ ನಾನು. ಎರಡು ನಿಮಿಷದ ಮಾತು.

ಗಿಡಕ್ಕ ಏನೂ ಆಗಲಿಲ್ಲ, ಕಾಣೂ ಹಂಗ ಏನೂ ಆಗಲಿಲ್ಲ. ಹಸರ ಹಂಗ ಇತ್ತು, ಹಣ್ಣ ಹಂಗ ಬಂತು. ಮೂರನೇ ವರ್ಷ ಮಳಿಗಾಲದಾಗ ಗ್ವಾಡಿ ಕಡೆ ಬುಡಕ್ಕ ಅಣಬಿ ಎದ್ದವು. ಹುಡುಗೂರು ಕಿತ್ತ ಒಗದರು, ನಾ ನೋಡಿ ಸುಮ್ಮನಾದೆ. ಹೋದ ವರ್ಷ ಕೃತ್ತಿಕಾ ಮಳಿ ಗಾಳಿಗೆ ದನದ ಮನಿ ಮ್ಯಾಲಿನ ಟೊಂಗಿ ಒಂದು ಮುರದು ಬಿತ್ತು. ಒಳಗ ಕಟ್ಟಿದ ಮಣಕ ಅಲ್ಲೇ ಸತ್ತು ಹೋತು. ಮೂರು ತಿಂಗಳು ಕಳದ್ರ ಮೊದಲನೇ ಈತಿಗೆ ಬರೂದಿತ್ತು. ಗಾಳಿ ಏಳೂ ಕಾಲು ತಾಸು ಮೊದಲ ಅವ್ವ ಅಲ್ಲೇ ಕುಂತು ಹಿಂಡಿ ಕಲಸಾಕತ್ತಿದ್ದಳು. ಅವತ್ತೂ ಊರ ಮಂದಿ ಬಂದು ನೋಡಿ, “ಟೊಂಗಿ ಅಷ್ಟ ಮುರದೈತಿ, ಬೊಡ್ಡಿ ಕಲ್ಲಿನಂಗ ಐತಿ, ಇನ್ನ ಎರಡು ತಲಿ ನೋಡತೈತಿ” ಅಂದರು. ನಾನೂ ಹೂಂ ಅಂದೆ. ಮರ ಮುಪ್ಪಾದರ ಹುಳಿ ಮುಪ್ಪೇ ಅಂತ ಗಾದಿ ಹೇಳಿಕೋತ ಬಂದ ಮಂದಿ ನಾವು. ಹಣ್ಣ ಜಗ್ಗಿ ಹಿಡದ್ರ ಗಿಡ ಗಟ್ಟಿ ಐತಿ ಅಂತ ತಿಳಕೋತೀವಿ.

ಇಲ್ಲೇ ಮೋಸ ಇರೂದು. ಗಿಡದಾಗ ನೀರು ಏರೂದು ತೊಗಟಿ ಹತ್ರದ ಹೊರಗಿನ ಕಟಗಿಯೊಳಗ. ನಡುವಿನ ಕೆಚ್ಚು ಗಿಡಕ್ಕ ಊಟ ಕೊಡೂದಿಲ್ಲ, ಅದು ನಿಲ್ಲಾಕ ಬಲ ಕೊಡತೈತಿ. ಕೆಚ್ಚು ಕೊಳತು ಹಿಟ್ಟಾದರೂ ಹೊರಗಿನ ಕಟಗಿ ಜೀವಂತ ಇದ್ರ ಎಲಿ ಹಸರ ಇರತಾವು, ಹಣ್ಣೂ ಹಿಡೀತೈತಿ. ಹಣ್ಣ ಹೆಚ್ಚಾದಂಗ ತಲಿ ಭಾರ ಹೆಚ್ಚು, ಬುಡದಾಗ ಬಲ ಕಡಿಮಿ. ಹಿಂಗಾಗಿ ಹಸರ ನೋಡಿ ಗಿಡಕ್ಕ ಗಟ್ಟಿ ಅನಬ್ಯಾಡ್ರಿ.

ಈ ವರ್ಷ ಹಣ್ಣ ಬಡಿಯಾಕ ಬಂದ ಕಾಕಾನ ಕಡಿಂದ ನಮಗ ತಿಳೀತು. ಕಿತ್ತೂರ ಕಡೆಯವರು, ವಯಸ್ಸು ಅರವತ್ತು ದಾಟೇತಿ. ಹರೇದಾಗ ಖಾನಾಪುರ, ದಾಂಡೇಲಿ ಕಡೆ ಕೂಪದಾಗ ಸಾಗವಾನಿ ಕಡಿಯೂ ಕೆಲಸ ಮಾಡಿದವರು. ಗಿಡ ಏರೂಕಿಂತ ಮೊದಲ ಕೊಡ್ಲಿ ಹಿಂದಿನ ಬದಿಯಿಂದ ಬೊಡ್ಡಿ ಸುತ್ತ ಬಡಕೋತ ಬಂದರು. ರಸ್ತಾ ಕಡೆ ಟಣ್ ಟಣ್ ಅಂತು. ಗ್ವಾಡಿ ಕಡೆ ಬಂದ ಕೂಡಲೇ ಧಬ್ ಧಬ್, ಖಾಲಿ ಪೀಪಿ ಬಡದಂಗ. ಕಾಕಾ ಕೊಡ್ಲಿ ಕೆಳಗ ಇಟ್ಟು ನನ್ನ ಮಾರಿ ನೋಡಿದರು. “ತಮ್ಮಾ, ನಾ ಈ ಗಿಡ ಏರೂದಿಲ್ಲ. ಗಳಾ ಕೊಡ, ಕೆಳಗ ನಿಂತ ಎಷ್ಟ ಸಿಗತೈತಿ ಅಷ್ಟ ಬಡಿತೀನಿ.”

ಮರುದಿನ ಬಡಿಗ್ಯಾರ ಕಡಿಂದ ಗಿರಮಟ್ಟ ತಂದು ಮೂರು ಕಡೆ ತೂತು ಹಾಕಿ ನೋಡಿದಿವಿ. ಗಟ್ಟಿ ಕಟಗಿ ಇರೂ ತನಕ ಬೆಳ್ಳನ ಹೊಟ್ಟು ಬರತೈತಿ, ಕೊಳತಲ್ಲಿ ಕಪ್ಪು ಪುಡಿ, ಒಮ್ಮೆಲೆ ಒಳಗ ಜಾರತೈತಿ. ರಸ್ತಾ ಕಡೆ 9 ಇಂಚು ಗಟ್ಟಿ, ಪೂರ್ವಕ್ಕ 6 ಇಂಚು, ಗ್ವಾಡಿ ಕಡೆ ಎರಡೂವರಿ ಇಂಚು. ಬೊಡ್ಡಿ ನಡುವಿನಿಂದ ಹೊರಗಿನ ತನಕ 21 ಇಂಚು ಇತ್ತು. ಗಿಡ ಬಲ್ಲವರು ಒಂದು ಲೆಕ್ಕ ಹೇಳತಾರ, ನಡುವಿನಿಂದ ಹೊರಗಿನ ತನಕ ಇರೂ ಅಳತಿಯೊಳಗ ಮೂರರಾಗ ಒಂದು ಪಾಲಾದರೂ ಸುತ್ತ ಗಟ್ಟಿ ಉಳದಿರಬೇಕು. ನಮಗ 7 ಇಂಚು ಬೇಕಿತ್ತು. ಗ್ವಾಡಿ ಕಡೆ ಅದರ ಅರ್ಧಾನೂ ಇರಲಿಲ್ಲ. ಎರಡು ಬೇರ ಕಡಸಿದ ಕಡೆನ ಅದು.

ನಿಮ್ಮ ಗಿಡ ನೋಡೂವಾಗ ಇವನ್ನ ನೋಡ್ರಿ. ಬುಡದಾಗ ಇಲ್ಲಾ ಬೇರಿನ ಮ್ಯಾಲೆ ಅಣಬಿ. ಬೊಡ್ಡಿ ಉದ್ದಕ್ಕ ಬಿರುಕು. ಎರಡು ದೊಡ್ಡ ಟೊಂಗಿ ಒಂದಕ್ಕೊಂದು ಒತ್ತಿ ಬೆಳದು ನಡುವ ತೊಗಟಿ ಸಿಕ್ಕಿರೂದು, ಅಲ್ಲಿ ಸೀಳೂದು ಹೆಚ್ಚು. ನೆತ್ತಿ ಒಣಗೂದು. ಬಾಗಿದ ಗಿಡ ಎಲ್ಲಾ ಅಪಾಯ ಅಲ್ಲ. ಹಳೇ ಬಾಗು ಆಗಿದ್ರ ಗಿಡ ಮ್ಯಾಲೆ ಹೋಗಿ ತಲಿ ನೆಟ್ಟಗ ಮಾಡಿರತೈತಿ. ತಲಿ ಸಮೇತ ಬಾಗಿದ್ರ, ಬಾಗಿನ ವಿರುದ್ಧ ಬದಿಗೆ ಮಣ್ಣ ಉಬ್ಬಿ ಬಿರದಿದ್ರ ಅದು ಹೊಸಾ ಬಾಗು, ಅವತ್ತಿನ ರಾತ್ರಿನ ಆ ಮಗ್ಗಲಿನ ಖೋಲ್ಯಾಗ ಮಲಗಬ್ಯಾಡ್ರಿ. ನಮ್ಮ ಎರಿ ಭೂಮಿ ಬ್ಯಾಸಿಗ್ಯಾಗ ಹೆಂಗೂ ಬಿರೀತೈತಿ, ಅದಕ್ಕ ಬರೇ ಬಿರುಕು ನೋಡಿ ಅಂಜಬ್ಯಾಡ್ರಿ, ಮಣ್ಣ ಎತ್ತರ ಆಗೇತೇನು ಅನ್ನೂದನ್ನ ನೋಡ್ರಿ. ಇನ್ನ ಒಂದು, ಐದಾರು ವರ್ಷದಾಗ ಗಿಡದ ಹತ್ರ ಪಾಯಾ, ಪೈಪ್‌ಲೈನ್, ಗಟಾರ ಏನರೆ ತೋಡಿರೇನು ಅಂತ ನೆನಪ ಮಾಡಕೊಳ್ರಿ.

ಗಿಡ ಬಿದ್ರ ಮನಿಗೆ ಮುಟ್ಟತೈತೇನು ಅಂತ ತಿಳಿಯಾಕ ಒಂದು ಕಡ್ಡಿ ಸಾಕು. ಕೈ ನೆಟ್ಟಗ ಚಾಚಿ ಕಡ್ಡಿ ನಿಂದರಿಸಿ ಹಿಡೀರಿ. ಮುಷ್ಟಿ ಮ್ಯಾಲಿನ ಕಡ್ಡಿ ಉದ್ದ, ಕಣ್ಣಿನಿಂದ ಮುಷ್ಟಿ ತನಕದ ಅಂತರ, ಎರಡೂ ಒಂದ ಅಳತಿ ಇರಬೇಕು. ಸಪಾಟ ಜಾಗಾದಾಗ ಹಿಂದ ಹಿಂದ ಸರೀರಿ. ಮುಷ್ಟಿ ಗಿಡದ ಬುಡಕ್ಕೂ ಕಡ್ಡಿ ತುದಿ ಗಿಡದ ತುದಿಗೂ ಸರಿ ಹೊಂದಿದಲ್ಲಿ ನಿಲ್ಲರಿ. ನಿಂತಲ್ಲಿಂದ ಬುಡದ ತನಕ ಎಷ್ಟು ದೂರನೋ ಗಿಡ ಅಷ್ಟ ಎತ್ತರ.

ಅವ್ವಗ ಹೇಳಬೇಕಲ್ಲ. ಎರಡು ದಿನ ಹೇಳಲಿಲ್ಲ. ಮೂರನೇ ದಿನ ಊಟದ ಹೊತ್ತಿನಾಗ ಹೇಳಿದೆ. ಆಕಿ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ. “ನಿಮ್ಮ ಆಯಿ ಹಚ್ಚಿದ್ದು. ನಾ ಇರೂ ತನಕ ಇರಲಿ, ಆಮ್ಯಾಲ ನೀ ಏನರೆ ಮಾಡ.” ತಮ್ಮ ತಿಳಿಸಿ ಹೇಳಾಕ ಹೋದ. ಆಕಿ ಅವನಿಗೆ, “ನಂದಗಡದಾಗ ರಾಯಣ್ಣನ ಆಲದ ಗಿಡಕ್ಕ ಮಂದಿ ಇವತ್ತಿಗೂ ಕೈ ಮುಗೀತಾರ. ನೀವು ಮನ್ಯಾಗಿನ ಗಿಡಕ್ಕ ಕೊಡ್ಲಿ ಹುಡಕತೀರಿ” ಅಂದಳು. ಸಂಗೊಳ್ಳಿ ನಮಗ ದೂರಲ್ಲ. 1831ರಾಗ ರಾಯಣ್ಣನ್ನ ನಂದಗಡದಾಗ ಗಲ್ಲಿಗೆ ಹಾಕಿದ ಕಥಿ ಕೇಳಿಕೋತ ಬೆಳದಾಕಿ ಆಕಿ. ಆಕಿಗೆ ಎದುರು ಹೇಳೂ ಮಾತು ನನ್ನ ಹತ್ರ ಇರಲಿಲ್ಲ.

ಕಡೀದ ಉಳಿಸಾಕ ಆಗತೈತೇನು ಅನ್ನೂದನ್ನೂ ನೋಡಿದಿವಿ. ಎಲ್ಲಾ ಮುಪ್ಪಿನ ಗಿಡ ಕಡೀಬೇಕಂತಿಲ್ಲ. ತಲಿ ಭಾರ ಇಳಿಸಿದ್ರ ಕೆಲವು ಉಳೀತಾವು. ಕೆಲವಕ್ಕ ಆಸರ ಕೊಡಬಹುದು. ಕೆಲವು ಕಡೆ ಗಿಡ ಬಿಟ್ಟು ಅದರ ಕೆಳಗಿನ ದನದ ಮನಿನ ಸರಿಸಿದ್ರ ಮುಗೀತು. ಹಾವೇರಿ ಜಿಲ್ಲಾದ ಸವಣೂರಾಗ ಮೂರು ಭಾರೀ ದೊಡ್ಡ ಹುಣಸಿ ಗಿಡ ಇದ್ದವು, ಬಾವೋಬಾಬ್ ಅಂತಾರಲ್ಲ, ಅವು. 2023ರ ಜುಲೈದಾಗ ಅದರಾಗಿನ ಒಂದು ಉರುಳಿತು. ಅದನ್ನ ಮತ್ತ ಎತ್ತಿ ನಿಲ್ಲಿಸೂ ಕೆಲಸ ಮಾಡಿದರು. ತಮ್ಮ ಅದನ್ನ ನೆನಸಿ, “ನಾವೂ ಏನರೆ ಮಾಡೂನು” ಅಂದ. ಆದರ ಅದು ಬಯಲಾಗ ಇರೂ ಗಿಡ. ನಮ್ಮದರ ಕೊಳತ ಮಗ್ಗಲ ಸರಿಯಾಗಿ ಮನಿ ಕಡೆ ಇತ್ತು. 5 ಫೂಟಿನಾಗ ಗ್ವಾಡಿ, ಗ್ವಾಡಿ ಆಚೆ ನನ್ನ ಮಗಳು ಅವ್ವನ ಜೋಡಿ ಮಲಗೂ ಖೋಲಿ. ನಾ ದೊಡ್ಡದು ಮಾಡಿಸಿದ ಖೋಲಿ.

ಎಂಟು ದಿನ ಆದ ಮ್ಯಾಲೆ ಅವ್ವನ ಒಂದು ರಾತ್ರಿ ಕೇಳಿದಳು. “ಅದು ಹಗಲ ಬೀಳತೈತೋ, ರಾತ್ರಿ ಬೀಳತೈತೋ?”

“ಹೆಂಗ ಹೇಳಾಕ ಬರತೈತಿ ಅವ್ವಾ?”

ಆಕಿ ಮಲಗಿದ ಕೂಸಿನ ಕಡೆ ನೋಡಿದಳು. “ಹಂಗಾರ ಕಡಸ. ಹಣ್ಣ ಪೂರಾ ಇಳಿಸಿದ ಮ್ಯಾಲೆ ಕಡಸ.”

ಅಷ್ಟ. ಮುಂದ ಆಕಿ ಆ ಮಾತ ಎತ್ತಲಿಲ್ಲ.

ಸುದ್ದಿ ಹೊರಗ ಬಿದ್ದ ಕೂಡಲೇ ಕಟಗಿ ವ್ಯಾಪಾರಿ ಒಬ್ಬರು ಬಂದರು. ಗಿಡ ನೋಡಿ, “15 ಸಾವಿರ ಕೊಡತೀನಿ. ಇಬ್ಬರು ಹುಡುಗೂರು, ಒಂದು ಮಷಿನ್, ಒಂದು ಟ್ರ್ಯಾಕ್ಟರ್. ಬುಡಕ್ಕ ಕೊಯ್ದು ರಸ್ತಾ ಕಡೆ ಜಗ್ಗತೀವಿ, ಮಧ್ಯಾಹ್ನದಾಗ ಖುಲ್ಲಾ” ಅಂದರು. ಸುಳ್ಳ ಯಾಕ ಹೇಳ್ಲಿ, ಮನಸ್ಸ ಆ ಕಡೆ ಹೋಗಿತ್ತು. ಕಾಕಾಗ ಫೋನ್ ಮಾಡಿ ಕೇಳಿದೆ. ಅವರು ಹೇಳಿದ್ದನ್ನ ನನಗ ತಿಳದಂಗ ಬರೀತೀನಿ.

ಗಟ್ಟಿ ಗಿಡ ಆದ್ರ ಬೀಳಬೇಕಾದ ಕಡೆ ಮೊದಲ ಬಾಯಿ ತಗೀತಾರ, ಬೊಡ್ಡಿ ದಪ್ಪದ ನಾಕರಾಗ ಒಂದು ಪಾಲಿನ ಮಟ ಆಳ. ಆಮ್ಯಾಲ ಹಿಂದಿನಿಂದ, ಬಾಯಿ ತಳಕ್ಕಿಂತ ಸ್ವಲ್ಪ ಮ್ಯಾಲೆ ಕೊಯ್ಯೂದು. ನಡುವ ಹತ್ತರಾಗ ಒಂದು ಪಾಲು ಕಟಗಿ ಕೊಯ್ಯದ ಬಿಡೂದು. ಅದು ಬಾಗಲದ ಬಿಜಾಗ್ರಿ ಇದ್ದಂಗ. ಗಿಡ ಅದರ ಮ್ಯಾಲೆ ತಿರಗಿ ನಿಧಾನ ಬೀಳತೈತಿ. ಅದನ್ನ ಪೂರಾ ಕೊಯ್ದ್ರ ಗಿಡ ಯಾ ಕಡೆ ಬೇಕಾದರೂ ಹೊರಳತೈತಿ. ನಮ್ಮ ಗಿಡದಾಗ ಆ ಬಿಜಾಗ್ರಿ ಆಗಬೇಕಾದ ಕಟಗಿನ ಇಲ್ಲ, ಹಿಟ್ಟ ಐತಿ. ಟ್ರ್ಯಾಕ್ಟರ್ ರಸ್ತಾ ಕಡೆ ಜಗ್ಗಿದ್ರೂ ಟೊಳ್ಳು ಮಗ್ಗಲ ಕುಸದು ಗಿಡ ಮನಿ ಮ್ಯಾಲೆ ಕೂಡತೈತಿ. ಮನಿಗೆ ಹತ್ತಿದ ಟೊಳ್ಳು ಗಿಡ ನೆತ್ತಿಯಿಂದ ತುಂಡು ತುಂಡು ಇಳಿಸಬೇಕು, ಬುಡಕ್ಕ ಕೊಯ್ದು ಕೆಡವಬಾರದು. ಜೆಸಿಬಿಲೆ ನೂಕಸೂದೂ ಬ್ಯಾಡ, ಕೊಳತ ಗಿಡ ನೂಕಿದ್ರ ನೆತ್ತಿ ಮುರದು ಡ್ರೈವರ್ ಮ್ಯಾಲೆ ಬೀಳತೈತಿ.

ವ್ಯಾಪಾರಿಗೆ ಬ್ಯಾಡ ಅಂದೆ.

ಕಾಗದದ ಕೆಲಸ ಮೊದಲ ಮಾಡಿಕೊಂಡೆ. ನಮ್ಮ ಜಾಗಾದಾಗಿನ ಗಿಡ ನಮ್ಮದು, ಯಾರನ್ನ ಏನ ಕೇಳೂದು ಅಂತ ಭಾಳ ಮಂದಿ ತಿಳದೀವಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗಾದಾಗಿನ ಗಿಡಕ್ಕೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿ ಪರವಾನಗಿ ಬೇಕು. ನೀಲಗಿರಿ, ಸರ್ವೆ, ಸುಬಾಬುಲ್, ಸಿಲ್ವರ್ ಓಕ್, ತೆಂಗು ಇಂಥಾವಕ್ಕ ವಿನಾಯ್ತಿ ಐತಿ. ಜೀವಕ್ಕ, ಆಸ್ತಿಗೆ ಅಪಾಯ ಇರೂ ಗಿಡ, ಸತ್ತ ಗಿಡ, ರೋಗ ಹತ್ತಿದ ಗಿಡ ಇದ್ರ ಪರವಾನಗಿ ನಿರಾಕರಿಸಬಾರದು ಅಂತ ಅದ ಕಾಯ್ದೆಯೊಳಗ ಐತಿ. ಅರ್ಜಿ, ಮನಿ ಉತಾರ, ಗಿರಮಟ್ಟದ ತೂತಿನ ಫೋಟೋ, ಗ್ವಾಡಿಗೆ ಗಿಡಕ್ಕ ಎಷ್ಟು ಅಂತರ ಅನ್ನೂದು ಟೇಪ್ ಹಿಡದ ಫೋಟೋ, ಇಷ್ಟು ಕೊಟ್ಟೆ. ಅವರು ಬಂದು ನೋಡಿ ಪರವಾನಗಿ ಕೊಟ್ಟರು, ಬದಲಿ ಗಿಡ ಹಚ್ಚ್ರಿ ಅಂದರು. ಕಟಗಿ ಸಾಗಸೂದಿದ್ರ ಪಾಸ್ ಬೇಕೇನು ಅನ್ನೂದನ್ನೂ ಅಲ್ಲೇ ಕೇಳಕೊಳ್ರಿ. ರಸ್ತಾ ಬಾಜೂಕಿನ ಸರಕಾರಿ ಗಿಡ ಇದ್ರ ಕೈ ಹಚ್ಚಬ್ಯಾಡ್ರಿ, ಅರ್ಜಿ ಅಷ್ಟ ಕೊಡ್ರಿ.

ಎರಡನೇದ್ದು ಕರೆಂಟು. ರಸ್ತಾ ಕಡೆ ಟೊಂಗಿ ಲೈನಿಗೆ ಹತ್ತಿದ್ದವು. ಹೆಸ್ಕಾಂ ಆಫೀಸಿಗೆ ನಾಕು ದಿನ ಮೊದಲ ಬರದ ಕೊಟ್ಟೆ. ಲೈನ್‌ಮನ್ ಬಂದು ಲೈನ್ ಬಂದ್ ಮಾಡಿ, ನಮ್ಮ ಮನಿ ಸರ್ವೀಸ್ ವಾಯರ್ ಬಿಚ್ಚಿ, “ನಾ ಹೇಳೂ ತನಕ ಯಾರೂ ಮುಟ್ಟಬ್ಯಾಡ್ರಿ” ಅಂತ ಹೇಳಿದ ಮ್ಯಾಲೇನ ಕೆಲಸ ಸುರು. ನಾವ ಹೋಗಿ ಟಿಸಿ ಹ್ಯಾಂಡಲ್ ಇಳಸೂದು, ಹಸೀ ಟೊಂಗಿ ಒಣ ಕೋಲಿಲೆ ಸರಸೂದು, ಇವೆಲ್ಲಾ ಹೆಣಾ ಬೀಳೂ ಕೆಲಸ. ಹಸೀ ಕಟಗಿಯೊಳಗ ಕರೆಂಟ ಹರೀತೈತಿ. ಗಾಳಿ ಮಳ್ಯಾಗ ಗಿಡ ಲೈನ್ ಮ್ಯಾಲೆ ಬಿದ್ರ 1912ಕ್ಕ ಹಚ್ಚ್ರಿ, ದೂರ ನಿಲ್ಲರಿ.

ಆ ದಿನ ಮುಂಜಾನೆ ಆರೂವರಿಗೆ ಸುರು ಮಾಡಿದಿವಿ. ಬ್ಯಾಸಿಗ್ಯಾಗ ಮಧ್ಯಾಹ್ನದ ಮ್ಯಾಲೆ ಗಾಳಿ ಏಳತೈತಿ, ಅಷ್ಟರಾಗ ನೆತ್ತಿ ಇಳೀಬೇಕು. ಹಿಂದಿನ ದಿನಾನ ದನಾ ದೊಡ್ಡಪ್ಪನ ಮನಿಗೆ ಹೊಡದಿದ್ದಿವಿ. ಸಿಲಿಂಡರ್ ಹೊರಗ ಇಟ್ಟಿವಿ. ಕೂಸುಗಳನ್ನ ಅವರ ಅತ್ತಿ ಮನಿಗೆ ಕಳಸಿದಿವಿ. ನಾಯಿ ಕಟ್ಟಿದಿವಿ, ಆಜೂ ಬಾಜೂ ಮನಿಯವರಿಗೆ ಹೇಳಿದಿವಿ. ರಸ್ತಾದ ಎರಡೂ ತುದಿಗೆ ಇಬ್ಬರು ಹುಡುಗೂರನ್ನ ಕೆಂಪು ಅರಬಿ ಕೊಟ್ಟು ನಿಲ್ಲಿಸಿದಿವಿ. ಗಿಡದ ಎರಡು ಪಟ್ಟು ದೂರದ ತನಕ ಹಗ್ಗಾ ಕಟ್ಟಿ, ಒಳಗ ಕೆಲಸದವರು ಬಿಟ್ಟು ಯಾರೂ ಬರಬಾರದು ಅಂದಿವಿ. ಹೆಜ್ಜೇನು ಐತೇನು ಅಂತ ಕಾಕಾ ಗಿಡದ ಸುತ್ತ ಎರಡು ಸಲ ತಿರಗಿ ನೋಡಿದರು. ಎರಡೂ ಕಡೆ ಓಡಿ ಹೋಗೂ ದಾರಿ ಕಲ್ಲು ಮುಳ್ಳು ಆರಿಸಿ ಸ್ವಚ್ಛ ಮಾಡಿಸಿದರು. ಬೀಳೂ ಗಿಡದಿಂದ ನೆಟ್ಟಗ ಹಿಂದಕ್ಕ ಓಡಬಾರದು, ಹಿಂದಕ್ಕ ಓರೆಯಾಗಿ ಹೋಗಬೇಕು, ಯಾಕಂದ್ರ ಬೊಡ್ಡಿ ಒಮ್ಮೊಮ್ಮೆ ಹಿಂದಕ್ಕ ಒದೀತೈತಿ.

ಟೊಳ್ಳು ಬುಡದಿಂದ ಆರು ಫೂಟಿನ ತನಕ ಅಷ್ಟ ಇತ್ತು, ಮ್ಯಾಲೆ ಗಟ್ಟಿ. ಆದರೂ ಕಾಕಾ ತಮ್ಮ ಜೀವದ ಹಗ್ಗಾ ಹುಣಸಿಗೆ ಕಟ್ಟಕೊಳ್ಳಲಿಲ್ಲ. 16 ಫೂಟ ದೂರ ಒಂದು ಬೇವಿನ ಗಿಡ ಐತಿ, ಹುಣಸಿಗಿಂತ ಎತ್ತರ. ಅದನ್ನೂ ಬಡದು ನೋಡಿ, ಅದರ ಮ್ಯಾಲಿನ ಕವಲಿನಾಗ ಹಗ್ಗಾ ಹಾಯಿಸಿ ಸೊಂಟದ ಪಟ್ಟಿಗೆ ಕಟ್ಟಕೊಂಡರು. ಹುಣಸಿ ಕುಸದರೂ ತಾವು ಬೇವಿಗೆ ಜೋತು ಬೀಳಬೇಕು ಅಂತ. ಬೊಡ್ಡಿಗೆ ವಾಯರ್ ಹಗ್ಗಾ ಸುತ್ತಿ ಮನಿ ವಿರುದ್ಧ ಕಡೆ ಬಿಗಿದಿವಿ. ಮನಿ ಮ್ಯಾಲಿನ ಎರಡು ಭಾರೀ ಟೊಂಗಿಗೆ ಕ್ರೇನ್ ತರಿಸಿದ್ದಿವಿ. ಕ್ರೇನ್ ಹಿಡಕೊಂಡಿರತಿತ್ತು, ಕಾಕಾ ಕೈ ಕರಗಸದಿಂದ ಕೊಯ್ತಿದ್ದರು, ಟೊಂಗಿ ತೊಟ್ಟಿಲದಂಗ ಮನಿ ದಾಟಿ ರಸ್ತಾಕ್ಕ ಇಳೀತಿತ್ತು. ಗಿಡದ ಮ್ಯಾಲೆ ಅವರು ಮಷಿನ್ ಒಯ್ಯಲಿಲ್ಲ. ಮಷಿನ್ ಹೆಗಲಿಗಿಂತ ಮ್ಯಾಲೆ ಎತ್ತಿ ಕೊಯ್ಯಬಾರದು, ನಿಚ್ಚಣಿಕಿ ಮ್ಯಾಲೆ ನಿಂತು ಕೊಯ್ಯಬಾರದು, ಪಟ್ಟಿ ತುದಿ ಕಟಗಿಗೆ ತಾಗಿದ್ರ ಮಷಿನ್ ಮಾರಿಗೇ ಹಾರತೈತಿ. ಲುಂಗಿ, ಕೊರಳಾಗಿನ ಟಾವೆಲ್ಲು ಹಾಕ್ಕೊಂಡು ಮಷಿನ್ ಹಿಡೀಬಾರದು. ಟೊಂಗಿ ಕೊಯ್ಯೂವಾಗ ಮೊದಲ ಕೆಳಗಿನಿಂದ ಸ್ವಲ್ಪ ಕೊಯ್ದು, ಆಮ್ಯಾಲ ಅದಕ್ಕಿಂತ ಗೇಣು ಹೊರಗ ಮ್ಯಾಲಿನಿಂದ ಕೊಯ್ತಿದ್ದರು. ಹಂಗ ಮಾಡಿದ್ರ ತೊಗಟಿ ಸೀಳಿಕೊಂಡು ಟೊಂಗಿ ಏರಿದವನ ಕಡೆ ತಿರಗೂದಿಲ್ಲ.

ಈಗ ನನ್ನ ಎರಡನೇ ತಪ್ಪು. ದನದ ಮನಿ ಕಡೆ ಟೊಂಗಿಗಳಿಗೆ ಕ್ರೇನ್ ಮುಟ್ಟತಿರಲಿಲ್ಲ. ಅವನ್ನ ಹಗ್ಗದಿಂದ ಇಳಿಸಬೇಕಿತ್ತು. ಬೇವಿನ ಮ್ಯಾಲಿನ ಕವಲಿನಿಂದ ಹಗ್ಗಾ ಹಾಯಿಸಿ, ಕೆಳಗ ಬೇವಿನ ಬೊಡ್ಡಿಗೆ ಮೂರು ಸುತ್ತು ಹಾಕಿ ಹಿಡಿಯೂದು. ಮೂರು ಸುತ್ತಿದ್ರ ತಿಕ್ಕಾಟಕ್ಕ ದೊಡ್ಡ ಭಾರಾನೂ ಒಬ್ಬನ ಕೈ ತಡೀತೈತಿ, ನಿಧಾನ ಬಿಡಾಕ ಬರತೈತಿ. ಹಗ್ಗಾ ಕೈಗೆ ಮಾತ್ರ ಸುತ್ತಕೋಬಾರದು. ಕಾಕಾ ತಂದ ಹಗ್ಗಾ ಒಂದು ಕ್ರೇನಿನ ಕೆಲಸದಾಗ ಇತ್ತು. “ಇನ್ನೊಂದು ಐತೇನ ತಮ್ಮಾ?” ಅಂದರು. ಮೇವು ಹೇರೂ ನೈಲಾನ್ ಹಗ್ಗಾ ಮಾಳಗಿ ಮ್ಯಾಲಿಂದ ತಂದ ಕೊಟ್ಟೆ. “ಹೊಸಾದೇನು?” ಅಂತ ಕೇಳಿದರು. “ಗಟ್ಟಿ ಐತ್ರಿ” ಅಂದೆ. ಅವರು ಕೇಳಿದ್ದು ಬ್ಯಾರೆ, ನಾ ಹೇಳಿದ್ದು ಬ್ಯಾರೆ. ಎರಡು ಬ್ಯಾಸಿಗಿ ಬಿಸಿಲಾಗ ಬಿದ್ದ ಹಗ್ಗಾ ಅದು.

ಮೊದಲನೇ ಟೊಂಗಿ ಇಳೀತು. ಎರಡನೇದ್ದು ಕೊಯ್ದು ಭಾರ ಹಗ್ಗಕ್ಕ ಬಿದ್ದದ್ದಷ್ಟ, ಬಂದೂಕ ಹಾರಿಸಿದಂಗ ಸಪ್ಪಳ ಆತು. ಹಗ್ಗಾ ಹರದು ಟೊಂಗಿ ದನದ ಮನಿ ಪತ್ರಾಸ ಮ್ಯಾಲೆ ಬಿತ್ತು. ಹರದ ತುದಿ ಚಾಬೂಕಿನಂಗ ಬಂದು ತಮ್ಮ ನಿಂತ ಜಾಗಾದ ಬಾಜೂಕ ಬೇವಿನ ತೊಗಟಿ ಕೆತ್ತಿ ಹೋತು. ಹಗ್ಗದ ನೇರಕ್ಕ ಯಾರೂ ನಿಲ್ಲಬಾರದು ಅಂತ ಕಾಕಾ ಮುಂಜಾನೇನ ಬೈದು ಸರಿಸಿದ್ದರು, ಅದಕ್ಕ ಅವನಿಗೆ ಹತ್ತಲಿಲ್ಲ. ಟೊಂಗಿ ಬಿದ್ದದ್ದು ಹೋದ ವರ್ಷ ಮಣಕ ಸತ್ತ ಜಾಗಾನ. ಅವತ್ತ ಅಲ್ಲಿ ಯಾರೂ ಇರಲಿಲ್ಲ, ಒಂದು ದನಾನೂ ಇರಲಿಲ್ಲ.

ಕಾಕಾ ಕೆಳಗ ಇಳದು ಬಂದರು. ಬೈಯಲಿಲ್ಲ. ಎಲಿ ಅಡಿಕಿ ಹಾಕ್ಕೊಂಡರು. ಆಮ್ಯಾಲ ಆ ಹಗ್ಗಾ ಎಳಕೊಂಡು, ಒಂದು ಕಟಗಿ ಮ್ಯಾಲೆ ಇಟ್ಟು, ಮೊಳಕ್ಕೊಂದರಂಗ ಕೊಡ್ಲಿಲೆ ಕಡದು ಒಗದರು. “ನಾಳೆ ಮತ್ಯಾರರ ಇದನ್ನ ಗಟ್ಟಿ ಅಂದಾರು” ಅಂತ ಅಷ್ಟ ಅಂದರು. ತಮ್ಮ ಬೈಲಹೊಂಗಲಕ್ಕ ಗಾಡಿ ಹೊಡದು ಹೊಸಾ ಹಗ್ಗಾ ತರೂ ತನಕ ಕೆಲಸ ಬಂದ್. ನಾ ಆ ಎರಡು ತಾಸು ಯಾರ ಮಾರೀನೂ ನೋಡಲಿಲ್ಲ.

ಉಳದ ಬೊಡ್ಡಿ ಮರುದಿನ ಮ್ಯಾಲಿಂದ ಮೂರು ತುಂಡು ಮಾಡಿ ಇಳಿಸಿದರು. ಕಡೀ ತುಂಡು ಹೋದ ಮ್ಯಾಲೆ ಒಳಗ ನೋಡಿದಿವಿ. ಐದು ವರ್ಷದ ಕೂಸು ನಿಲ್ಲೂವಷ್ಟು ಟೊಳ್ಳು. ಕಪ್ಪು ಹಿಟ್ಟು, ಗೆದ್ದಲಾ, ಎರಡು ಚೇಳು. ಆ ಕಪ್ಪು ದಾರಿ ಕೆಳಗ ಇಳದು ಎಲ್ಲಿಗೆ ಹೋಗೇತಿ ಅಂದ್ರ, ನಾ ಪಾಯಾಕ್ಕ ಕಡಸಿದ ಎರಡು ಬೇರಿಗೆ. ಅವ್ವ ಬಂದು ಒಳಗ ಕೈ ಇಟ್ಟಳು. ಹಿಟ್ಟು ಬೊಗಸ್ಯಾಗ ತಗೊಂಡು ನೋಡಿದಳು. “ಇಷ್ಟು ಆದರೂ ಹಣ್ಣ ಕೊಟ್ಟೈತಲ್ಲೋ” ಅಂದಳು. ನಾನೂ ತಮ್ಮನೂ ಸುಮ್ಮ ನಿಂತಿವಿ. ಬೇರ ಕಡಸಿದ್ದು ನಾನು ಅಂತ ಆಕಿಗೆ ಅವತ್ತ ಹೇಳಿದೆ. “ನನಗ ಗೊತ್ತೈತಿ, ನಾ ಅಲ್ಲೇ ಇದ್ನಲ್ಲ” ಅಂದಳು.

ಬುಡ ಕಿತ್ತಿಲ್ಲ. ಕೀಳಸಾಕ ಹೋದ್ರ ಪಾಯಾ ಅಲಗತೈತಿ. ಎರಿ ಮಣ್ಣು ನೀರ ಕುಡದ್ರ ಉಬ್ಬತೈತಿ, ಒಣಗಿದ್ರ ಕುಗ್ಗತೈತಿ. ಇಷ್ಟ ದಿನ ಗಿಡ ಅಲ್ಲಿನ ನೀರ ಎಳೀತಿತ್ತು, ಇನ್ನ ಎಳಿಯೂದಿಲ್ಲ, ಅದಕ್ಕ ಎರಡು ಮಳಿಗಾಲ ಗ್ವಾಡಿ ಬಿರುಕು ನೋಡಿಕೋತ ಇರತೀವಿ. ಮಾಳಗಿ ನೀರು ಆ ಕಡೆ ಬೀಳದಂಗ ಪೈಪ್ ತಿರಿಗಿಸೀವಿ. ಖರ್ಚು ಕೇಳಿದವರಿಗೆ: ಕ್ರೇನ್, ಮಂದಿ, ಹಗ್ಗಾ, ಊಟ ಕೂಡಿ 27,500. ಕಟಗಿ ಮಾರಿದ್ದು 8 ಸಾವಿರ. ಪತ್ರಾಸ ಎರಡು ಹೊಸಾವು ಬ್ಯಾರೆ. ವ್ಯಾಪಾರಿ 15 ಸಾವಿರ ಕೊಡತಿದ್ದರು, ನಾ ಕೈಯಿಂದ ಹಾಕೀನಿ. ಲುಕ್ಸಾನ ಅಂತ ಮನ್ಯಾಗ ಯಾರೂ ಅಂದಿಲ್ಲ.

ಗಾಳಿಗೆ ಬೇರ ಸಮೇತ ಉರುಳಿದ ಗಿಡ ಸಿಕ್ಕವರಿಗೆ ಒಂದು ಮಾತು. ಬೊಡ್ಡಿ ಕೊಯ್ದು ಭಾರ ಹೋದ ಕೂಡಲೇ ಎದ್ದ ಬೇರಿನ ಗಡ್ಡಿ ಧಪ್ಪಂತ ವಾಪಸ್ ನೆಟ್ಟಗ ನಿಲ್ಲತೈತಿ. ಆ ಕುಣಿಯೊಳಗ ಯಾರೂ ಇಳೀಬ್ಯಾಡ್ರಿ, ಹುಡುಗೂರನ್ನ ಆಡಾಕ ಬಿಡಬ್ಯಾಡ್ರಿ. ಬಾಗಿ ಬಿಗದ ಟೊಂಗಿ ಕೊಯ್ದ್ರ ಬಿಲ್ಲಿನಂಗ ಚಿಮ್ಮತೈತಿ. ಟ್ರ್ಯಾಕ್ಟರಿಲೆ ಜಗ್ಗೂದಿದ್ರ ಹಗ್ಗಾ ಕೆಳಗಿನ ಹಿಚ್ಚಿಗೇ ಕಟ್ಟ್ರಿ, ಮ್ಯಾಲೆ ಕಟ್ಟಿದ್ರ ಮುಂದಿನ ಗಾಲಿ ಎದ್ದು ಟ್ರ್ಯಾಕ್ಟರ್ ಹಿಂದಕ್ಕ ಮಗಚತೈತಿ. ಹಗ್ಗಾ ಗಿಡದ ಎತ್ತರಕ್ಕಿಂತ ಒಂದೂವರಿ ಪಟ್ಟಾದರೂ ಉದ್ದ ಇರಲಿ.

ಮೊನ್ನೆ ತಮ್ಮ ಹಿತ್ತಲದಾಗ ಗೂಟಾ ಬಡದು ದಾರ ಕಟ್ಟಾಕತ್ತಿದ್ದ. ಬೋರಿನ ಪೈಪ್‌ಲೈನ್ ಮನಿಗೆ ತರೂದೈತಿ. ದಾರ ನೋಡಿದ್ರ ಬೇವಿನ ಬುಡದಿಂದ ಬರೇ ಮೂರು ಫೂಟ. ಸುಮ್ಮನ ಹೋಗಿ ಗೂಟಾ ಕಿತ್ತು 15 ಫೂಟ ಆಚೆ ಬಡದೆ. “ಪೈಪ್ ಜಾಸ್ತಿ ಬೇಕಾಗತೈತಲ್ಲೋ ಅಣ್ಣಾ” ಅಂದ. “ಆಗಲಿ” ಅಂದೆ.

ಬದಲಿ ಹುಣಸಿ ಸಸಿ ಎರಡು ತಂದೀವಿ. ಮಳಿ ಹಿಡದ ಮ್ಯಾಲೆ ಹೊಲದ ಬದುವಿಗೆ ಹಚ್ಚೂದು, ಮನಿ, ಲೈನ್, ಬಾವಿ ಯಾವುದೂ 60 ಫೂಟಿನಾಗ ಇಲ್ಲದಲ್ಲಿ. ಜಾಗಾ ಅವ್ವನ ತೋರಿಸ್ಯಾಳ. ಹಳೇ ಗಿಡದ ಕಡೀ ಹಣ್ಣಿಂದು ಚಿಗಳಿ ಕುಟ್ಟಿ ಡಬ್ಬಿಯೊಳಗ ಇಟ್ಟಾಳ, ಕಾಕಾನ ಮನಿಗೆ ಅರ್ಧ ಕಳಸ್ಯಾಳ. ಈ ಕಡೆ ಬಂದ್ರ ಬರ್ರಿ, ನಿಮಗೂ ಕೊಡತಾಳ. ಬರೂಕಿಂತ ಮೊದಲ ಕೊಡ್ಲಿ ಹಿಂದಿನ ಬದಿಯಿಂದ ನಿಮ್ಮ ಗಿಡ ಸುತ್ತ ಬಡದ ಬರ್ರಿ. ಟಣ್ ಅಂದ್ರ ಚಲೋ. ಧಬ್ ಅಂದ್ರ ನನಗ ಹೇಳ್ರಿ, ಕಾಕಾಗ ನಾನ ಹೇಳತೀನಿ.